ಸರ್ವಮಂಗಳ ಬಚ್ಚಿಟ್ಟ ನೋವು

ಕಾಲು ಉಳುಕಿದರೆ, ಹಲ್ಲು ನೋವು ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಎದೆಯಲ್ಲಿ ನೋವು ಬಂದರೆ ಮಾತ್ರ ಹೆಂಗಸರು ಸೆರಗು ಎಳೆದುಕೊಂಡು ಸುಮ್ಮನಾಗುತ್ತಾರೆ. ಸರ್ವಮಂಗಳ ಕೂಡ ಹಾಗೇ ಮಾಡಿದಳು.

ಅವಳು ಊರೂರು ತಿರುಗುವ ನಾಟಕ ಕಂಪನಿಯ ನಟಿ. ಮೂವತ್ತು ದಾಟಿದ ಮೇಲೆ ಮೈ ಇಳಿಯಿತು. ನಾಯಕಿಯ ಪಾತ್ರ ಬೇರೆಯವಳಿಗೆ ಹೋಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. ಕಂಪನಿಯ ಮಾಲೀಕ ಲೋಕಪ್ಪ ಮುಂಬಯಿಯ ಒಬ್ಬ ಡಾಕ್ಟರ ವಿಷಯ ಹೇಳಿದ. ಅಲ್ಲಿ ಎದೆಯ ಒಳಗೆ ಸ್ಪಂಜಿನಂಥ ವಸ್ತು ಇಟ್ಟು, ತುಂಬಿಕೊಂಡು ಕಾಣುವಂತೆ ಮಾಡುತ್ತಿದ್ದರಂತೆ. ೧೯೫೭ರಲ್ಲಿ ಸರ್ವಮಂಗಳ ಹೋಗಿ ಮಾಡಿಸಿಕೊಂಡಳು. ಕೆಲವೇ ತಿಂಗಳಲ್ಲಿ ಅದು ಕಲ್ಲಿನಂತೆ ಗಟ್ಟಿಯಾಯಿತು. ಮತ್ತೆ ಹೋಗಿ ಹಳೆಯದನ್ನು ತೆಗೆಸಿ ಹೊಸದನ್ನು ಇಡಿಸಿಕೊಂಡಳು.

ಕಂಪನಿ ಶಿಕಾರಿಪುರದಲ್ಲಿ ಬೀಡುಬಿಟ್ಟಿದ್ದಾಗ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನೋಡಿಕೊಂಡಳು. ಎಡಗಡೆಯದು ಕಂಕುಳಿನ ಕಡೆಗೆ ಜಾರಿತ್ತು. ಯಾರಿಗೂ ಹೇಳಲಿಲ್ಲ. ಕಂಪನಿ ಮುಂದಿನ ಊರಿಗೆ ಹೊರಟಾಗ ಜ್ವರ ಎಂದು ಹೇಳಿ ಉಳಿದುಕೊಂಡಳು. ಹುಷಾರಾದ ಮೇಲೆ ಬಾ ಎಂದ ಲೋಕಪ್ಪ ಆಮೇಲೆ ಅವಳ ಸುದ್ದಿ ಕೇಳಲಿಲ್ಲ. ಅಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲ ಎಂದು ಅವಳು ಆನವಟ್ಟಿಗೆ ಬಂದು, ಬಟ್ಟೆ ಹೊಲಿಯುವ ಯಮುನಮ್ಮನ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು.

ಹಗಲೆಲ್ಲ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಜಾರಿದ್ದನ್ನು ಕೈಯಿಂದ ಒತ್ತಿ ಒತ್ತಿ ಮೊದಲಿನ ಜಾಗಕ್ಕೆ ತಂದು, ಮೇಲೆ ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ಬಿಚ್ಚಿದರೆ ಮತ್ತೆ ಜಾರುತ್ತಿತ್ತು. ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರು ಮಾತಾಡುವುದು ಒಳಗೆ ಕೇಳಿಸುತ್ತಿತ್ತು. ಹೋಗಿ ಕೂರುವ ಆಸೆ ಆಗುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಒಂದು ಸಂಜೆ ಕೋಣೆಯಲ್ಲಿ ಇಬ್ಬರ ಮಾತು ಕೇಳಿ, ನೆಂಟರು ಬಂದಿರಬೇಕು ಎಂದುಕೊಂಡು ಯಮುನಮ್ಮ ಕಾಫಿ ತಂದರು. ಒಳಗಿದ್ದವಳು ಸರ್ವಮಂಗಳ ಒಬ್ಬಳೇ. ಹಳೆಯ ನಾಟಕದ ಎರಡೂ ಪಾತ್ರದ ಮಾತನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಯಮುನಮ್ಮ ಕಾಫಿ ಕೊಟ್ಟು ಹೋದರು. ಕೆಲವು ದಿನ ಕಳೆದ ಮೇಲೆ ಸರ್ವಮಂಗಳ ಒಂದು ರವಿಕೆ ತಂದು, ಎಡಗಡೆ ಸ್ವಲ್ಪ ಸಡಿಲ ಮಾಡಿಕೊಡಿ ಎಂದಳು. ಅಳತೆ ತೆಗೆಯುವಾಗ ಯಮುನಮ್ಮನ ಕೈಗೆ ಬಿಸಿ ತಗುಲಿತು.

"ತಂಗಿ, ಇಲ್ಲಿ ಮೈ ಸುಡ್ತಾ ಇದೆಯಲ್ಲ. ಯಾವಾಗಿಂದ ಹಿಂಗೆ?"

ಸರ್ವಮಂಗಳ ಮೊದಲು ಏನೂ ಇಲ್ಲವೆಂದಳು. ಆಮೇಲೆ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಡಾಕ್ಟರಿಗೆ ತೋರಿಸೋಣ ಎಂದರೆ ಒಪ್ಪಲಿಲ್ಲ.

"ಇದು ದೇವ್ರು ಕೊಟ್ಟ ಕಾಯಿಲೆ ಅಲ್ಲಕ್ಕ. ಚಂದ ಕಾಣ್ಲಿ ಅಂತ ನಾನೇ ತಂದ್ಕೊಂಡಿದ್ದು. ಡಾಕ್ಟ್ರು ನಗ್ತಾರೆ. ಊರಿಗೆಲ್ಲ ಗೊತ್ತಾಗ್ತದೆ."

"ಯಾಕೆ ಮಾಡಿಸ್ಕೊಂಡಿ ಅಂತ ನಾನು ಕೇಳಲ್ಲ. ಮೈ ನಿಂದು, ನೋವೂ ನಿಂದೇ. ನಾಳೆ ಸೊರಬಕ್ಕೆ ಹೋಗಣ, ನಾನೂ ಬರ್ತೀನಿ."

ಸೊರಬದ ಡಾಕ್ಟರು ನೋಡಿ, ತಡ ಮಾಡದೆ ಶಿವಮೊಗ್ಗಕ್ಕೆ ಹೋಗಿ ಎಂದರು. ಇಬ್ಬರೂ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ನೋಡಿದವರು ಒಬ್ಬ ಲೇಡಿ ಡಾಕ್ಟರು. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಎರಡನೇ ಸಲ ಕೊಯ್ದಾಗ ಒಳಗಿನ ಜಾಗ ದೊಡ್ಡದಾಗಿದೆ, ಹೊಸದು ಅಲ್ಲಿ ನಿಲ್ಲದೆ ಜಾರಿದೆ ಎಂದು ವಿವರಿಸಿದರು.

"ಜಾರಿದ್ದು ನಿಮ್ಮ ತಪ್ಪಲ್ಲಮ್ಮ. ಆದ್ರೆ ನೀವೇ ಒತ್ತಿ, ಬಟ್ಟೆ ಬಿಗಿದು ಒಳಗೆ ಇನ್ನಷ್ಟು ಪೆಟ್ಟಾಗಿದೆ. ಈಗ ಕೀವು ತುಂಬಿದೆ. ಜಾರಿದ್ದು ಗೊತ್ತಾದ ಕೂಡ್ಲೇ ಬಂದಿದ್ರೆ ಇದು ಇಷ್ಟು ದೂರ ಹೋಗ್ತಿರ್ಲಿಲ್ಲ."

ಮತ್ತೆ ಸರಿಯಾಗಿ ಕೂರಿಸಲು ಆಗುವುದಿಲ್ಲವೇ ಎಂದು ಸರ್ವಮಂಗಳ ಕೇಳಿದಳು. ಈಗ ಆಗದು, ತೆಗೆಯಲೇಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ರಂಗಕ್ಕೆ ಮರಳುವ ಆಸೆ ಅಲ್ಲಿಗೆ ಮುಗಿಯಿತು. ಕೊನೆಗೆ ತೆಗೆಯಿರಿ ಎಂದಳು.

ಆಪರೇಷನ್ ಮಾಡಿ ಎಡಗಡೆಯದನ್ನು ತೆಗೆದರು. ಹೊಲಿಗೆ ಕೆಲಸವಿದ್ದ ಯಮುನಮ್ಮ ಊರಿಗೆ ಹೋಗಿ ಬರಬೇಕಾಯಿತು. ಅಷ್ಟು ದಿನ ಸರ್ವಮಂಗಳ, ಬೇರೆಯವರ ಮಂಚದ ಸುತ್ತ ಕೂತ ಮಂದಿಯನ್ನು ನೋಡುತ್ತ ಮಲಗಿದ್ದಳು. ಕಂಪನಿಯಿಂದ ಯಾರೂ ಬರಲಿಲ್ಲ. ಯಮುನಮ್ಮ ಬುತ್ತಿ ಕಟ್ಟಿಕೊಂಡು ಮರಳಿ ಬಂದಾಗ ಅವಳು ಗೋಡೆ ಕಡೆ ತಿರುಗಿ ಅತ್ತಳು. ಆಮೇಲೆ ಎದ್ದು ಕೂತು ಊಟ ಮಾಡಿದಳು.

ಡಾಕ್ಟರು ಹೇಳಿದಂತೆ ಬಲಗಡೆಯದನ್ನೂ ತೋರಿಸುತ್ತಿದ್ದಳು. ಮುಂದೆ ಅದನ್ನೂ ತೆಗೆಸಿದಳು. ನಾಯಕಿಯ ಪಾತ್ರ ಮತ್ತೆ ಸಿಗಲಿಲ್ಲ. ಆನವಟ್ಟಿಯ ಹುಡುಗಿಯರಿಗೆ ಹಾಡು ಹೇಳಿಕೊಡುತ್ತ ಬದುಕಿದಳು. ಪಾಠ ಮುಗಿದು ಹುಡುಗಿಯರು ಹೋದ ಮೇಲೆ ಮನೆ ಬರಿದೆನಿಸುತ್ತಿತ್ತು, ಅದು ಕೊನೆಯವರೆಗೂ ತಪ್ಪಲಿಲ್ಲ. ಆದರೆ ಮೈಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಯಮುನಮ್ಮನಿಗೆ ಹೇಳುತ್ತಿದ್ದಳು.

ಅಕ್ಕತಂಗಿಯರೇ, ಆ ಸ್ಪಂಜಿನ ಕಾಲ ಹೋಗಿದೆ. ಈಗ ಇಡುವ ವಸ್ತು ಬೇರೆ. ಚಂದಕ್ಕೆಂದು ಇಡಿಸಿಕೊಂಡವರಿದ್ದಾರೆ, ಕ್ಯಾನ್ಸರ್‌ನಿಂದ ಎದೆ ಕಳೆದುಕೊಂಡು ಇಡಿಸಿಕೊಂಡವರೂ ಇದ್ದಾರೆ. ಅದೂ ಜಾರಬಹುದು. ಸರಿಪಡಿಸಲು ಮತ್ತೆ ಆಪರೇಷನ್ ಆದ ಮೇಲೂ ಜಾರಬಹುದು. ಒಂದು ಬದಿ ಮೇಲೆ, ಇನ್ನೊಂದು ಕೆಳಗೆ ಕಂಡರೆ, ಆಕಾರ ಬದಲಾದರೆ, ಹೊಸದಾಗಿ ನೋವು ಬಂದರೆ ಡಾಕ್ಟರಿಗೆ ತೋರಿಸಿ. ಕೆಂಪಾಗಿ ಬಿಸಿಯಾದರೆ ಅಥವಾ ಜ್ವರ ಬಂದರೆ ಅಂದೇ ಹೋಗಿ. ನೀವೇ ಒತ್ತಬೇಡಿ, ಬಿಗಿಯಬೇಡಿ. ನಾಚಿಕೆಯಿಂದ ಕಾಯಬೇಡಿ.

ನಿಮಗೆ ಗೊತ್ತಿರುವ ಯಾರಾದರೂ ಹೀಗೆ ನೋವು ನುಂಗಿಕೊಂಡಿದ್ದರೆ ಬುದ್ಧಿ ಹೇಳಬೇಡಿ. ಅವರ ಜೊತೆಗೆ ಆಸ್ಪತ್ರೆಗೆ ಹೋಗಿ.