ಕಾಶೀರಾಮ ಕಾಕಾ ಎದ್ದು ಹೋದ ಮೇಲೆ

ಹದಿನೆಂಟು ವರ್ಷದ ಹಿಂದೆ ಅವ್ವನಿಗೆ ನಾನೊಂದು ಮಾತು ಕೊಟ್ಟಿದ್ದೆ: ನನ್ನ ಮಗಳು ಓದಲಿಕ್ಕೆಂದು ಯಾರ ಬಾಗಿಲಲ್ಲೂ ಕಾಯುವುದಿಲ್ಲ. ಮನಿಷಾ ಆಗ ತೊಟ್ಟಿಲಲ್ಲಿದ್ದಳು.

ಈಗ ಅದೇ ಮನಿಷಾ ದಿನಾ ಕಾಶೀರಾಮ ಕಾಕಾರ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಮೆಹಕರದ ನಮ್ಮ ಬುದ್ಧ ವಿಹಾರದ ಓದುಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಎಂಟು ತಿಂಗಳ ಹಿಂದೆ ಅದಕ್ಕೆ ಲಿನಕ್ಸ್ ಹಾಕಿ, ನರ್ಸಿಂಗ್ ಪರೀಕ್ಷೆಯ ಪಾಠ ತುಂಬಿ, ವೈಫೈಯಲ್ಲಿ ಹುಡುಗಿಯರ ಮೊಬೈಲಿಗೆ ತಲುಪಿಸುವ ಸರ್ವಿಸ್ ಬರೆದವಳು ನಾನೇ. ಆದರೆ ಖಾತೆಯೂ ಪಾಸ್‌ವರ್ಡೂ ಕಮಿಟಿ ಅಧ್ಯಕ್ಷರಾದ ಕಾಕಾರವು. ಕರೆಂಟು ಹೋಗಿ ಬಂದರೆ ಯಂತ್ರ ತಾನೇ ಏಳುತ್ತಿತ್ತು, ಪಾಠ ಏಳುತ್ತಿರಲಿಲ್ಲ. ಕಾಕಾ ಬಂದು ಲಾಗಿನ್ ಆಗಬೇಕು, ಆಗಲೇ ಶುರು. ಮನೆಗೆ ಹೋಗುವಾಗ ಅವರು ಕಪಾಟಿಗೆ ಬೀಗ ಹಾಕಿದಷ್ಟೇ ಶಿಸ್ತಿನಿಂದ ಲಾಗೌಟ್ ಮಾಡುತ್ತಿದ್ದರು. ಅಲ್ಲಿಗೆ ಪಾಠವೂ ಬಂದ್. ನಾನು ಭಾಲ್ಕಿಯಲ್ಲಿ ಕಂಪ್ಯೂಟರ್ ಕಲಿಸಿ ಬಸ್ಸಿಳಿಯುವಾಗ ಸಂಜೆಯಾಗಿರುತ್ತಿತ್ತು, ಕಾಕಾರನ್ನು ಕರೆಯಲು ಮನಿಷಾಳೇ ಹೋಗಬೇಕಿತ್ತು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ತಪ್ಪು ನನ್ನದೂ ಇತ್ತು. ಸರ್ವಿಸನ್ನು ‘ಎನೇಬಲ್’ ಮಾಡಿದರೆ ಸಾಕು, ಕರೆಂಟು ಬಂದಾಗ ತಾನೇ ಶುರುವಾಗುತ್ತದೆ ಅಂದುಕೊಂಡಿದ್ದೆ. ಖಾತೆಯವರು ಬರದಿದ್ದರೂ, ಎದ್ದು ಹೋದರೂ ಅವರ ಖಾತೆಯ ಕೆಲಸ ನಡೆದಿರಲಿ ಅಂತ ‘ಲಿಂಗರ್’ ಎಂಬ ಅಪ್ಪಣೆಯನ್ನು ಒಂದೇ ಒಂದು ಸಲ ಕೊಡಬೇಕಿತ್ತು. ಅದಕ್ಕೂ ಕಾಕಾರ ಪಾಸ್‌ವರ್ಡೇ ಬೇಕು. ಎರಡು ಸಲ ಮನೆಗೆ ಹೋಗಿ ಕೇಳಿದೆ. ಎರಡು ಸಲವೂ ನೋಡೋಣ ಅಂದರು.

ಮೂರನೆಯ ಸಲ ಅವರ ಮನೆಗೆ ಹೋಗಲಿಲ್ಲ. ಭಾನುವಾರ ವಿಹಾರದಲ್ಲಿ ಬುದ್ಧವಂದನೆ ಮುಗಿದು ಎಲ್ಲರೂ ಕೂತಿದ್ದಾಗ ಎದ್ದು ನಿಂತು ಕೇಳಿದೆ.

“ಒಮ್ಮಿ ಹಾಕಿದ್ರ ಮತ್ತ ನನ್ನ ಕರಿಯೋದೇ ಬ್ಯಾಡೇನು?” ಅಂದರು ಕಾಕಾ.

“ಬ್ಯಾಡ್ರಿ.”

“ಹಂಗಾದ್ರ ಅಧ್ಯಕ್ಷ ಅಂತ ನಾ ಯಾಕ ಇರಬೇಕು, ಮಹಾಮಾಯಾ?” ಅಂತ ನನ್ನ ಹೆಸರು ಹಿಡಿದು ಕೇಳಿದರು.

“ಇರ್ರಿ ಕಾಕಾ, ಯಾರು ಬ್ಯಾಡ ಅಂದಾರ? ನೀವು ಉಣ್ಲಾಕ ಹೋದ್ರ ಪೋರಿಗೋಳ ಪಾಠ ಯಾಕ ನಿಲ್ಲಬೇಕು, ಅದಷ್ಟ ಹೇಳ್ರಿ. ಹೇಳೋತನಕ ನಾ ಕೂಡಂಗಿಲ್ಲ.”

ಕಾಕಾರ ಊಟ ಎರಡು ತಾಸಿನದು ಅಂತ ಹಿಂದಿನಿಂದ ಯಾರೋ ಹೆಂಗಸು ಅಂದಳು. ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ನಾನೂ ನಗಲಿಲ್ಲ, ಕೂರಲೂ ಇಲ್ಲ. ಕೊನೆಗೆ ಅವರೇ ಎದ್ದು ಓದುಕೋಣೆಗೆ ಬಂದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಹಾಕಿದರು. ಅಪ್ಪಣೆ ನಾನು ಬರೆದೆ.

ಅವರೆದುರೇ ಗೋಡೆಯ ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಪರದೆ ಬೆಳಗಿ, ಪಾಸ್‌ವರ್ಡ್ ಕೇಳುತ್ತ ನಿಂತಿತು. ಯಾರೂ ಕೀಬೋರ್ಡ್ ಮುಟ್ಟಲಿಲ್ಲ. ಮನಿಷಾಳ ಮೊಬೈಲಿನಲ್ಲಿ ಪಾಠ ಶುರುವಾಯಿತು.

ಅವ್ವನಿಗೆ ಕೊಟ್ಟ ಮಾತು ಎಂಟು ತಿಂಗಳು ಮುರಿದಿತ್ತು. ಆ ಭಾನುವಾರದಿಂದ ಉಳಿದಿದೆ.