ಅವರು ಹೇಳಿದ್ದು ಅದಲ್ಲ

ನಮ್ಮವರದು ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ಅವರು ಗಿರಾಕಿಗಳ ಕಣ್ಣು ನೋಡುತ್ತಾರೆ. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುತ್ತೇನೆ. ಭಾನುವಾರ ಬಂತೆಂದರೆ ಮಾತ್ರ ಅವರು ಬೇರೆಯೇ ಮನುಷ್ಯ. ನಮ್ಮ ಚರ್ಚಿನ ಸಭೆಗೆ ಗಡಿಯಾಚೆಯಿಂದ ಯಾವ ಪ್ರಸಂಗಿ ಬಂದರೂ ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ನಿಲ್ಲುವವರು ಇವರೇ. ಬಂದವರು ತಮ್ಮ ಭಾಷೆಯಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾರೆ, ಇವರು ಅದನ್ನು ನಮ್ಮ ಭಾಷೆಗೆ ತಿರುಗಿಸುತ್ತಾರೆ. ತಿರುಗಿಸುವುದೇನು ಬಂತು, ಉಪ್ಪುಖಾರ ಹಚ್ಚುತ್ತಾರೆ. ಪ್ರಸಂಗಿ "ದೇವರು ಒಳ್ಳೆಯವನು" ಎಂದರೆ ಇವರ ಬಾಯಲ್ಲಿ ಅದು "ನಿನ್ನೆಯೂ ಒಳ್ಳೆಯವನು, ಇವತ್ತೂ ಒಳ್ಳೆಯವನು, ನಿನ್ನ ಕಣ್ಣೀರಿನಲ್ಲೂ ಒಳ್ಳೆಯವನು" ಎಂದಾಗುತ್ತದೆ. ಜನ "ಸ್ತೋತ್ರ!" ಎಂದು ಕೂಗುತ್ತಾರೆ. ತನ್ನ ಮಾತಿಗೆ ಇಷ್ಟು ತೂಕವಿದೆಯೆಂದು ಪ್ರಸಂಗಿಗೂ ಖುಷಿ.

ಆ ಭಾಷೆಯನ್ನು ಅವರಿಗೆ ಕಲಿಸಿದವಳು ನಾನು. ಅದು ಗಡಿಯಾಚೆಯ ನನ್ನ ತವರಿನ ಭಾಷೆ. ಮದುವೆಯಾದ ಹೊಸದರಲ್ಲಿ ನಾನು ನಮ್ಮ ಜೊತೆಗಿದ್ದ ಅಮ್ಮನ ಹತ್ತಿರ ಪಿಸುಗುಟ್ಟುವುದೆಲ್ಲ ತಮ್ಮ ಮೇಲಿನ ಚಾಡಿಯೇ ಎಂದುಕೊಂಡು, ಹಟಕ್ಕೆ ಬಿದ್ದು ಕಲಿತರು. ಅವರ ಅನುಮಾನದಲ್ಲಿ ಸತ್ಯ ಇರಲಿಲ್ಲವೆಂದೇನೂ ನಾನು ಹೇಳುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಇಡೀ ಸಭೆಯಲ್ಲಿ ಆ ಭಾಷೆ ಬರುವುದು ನಮ್ಮಿಬ್ಬರಿಗೇ.

ಎರಡನೇ ಸಾಲಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನ್ನದು. ನನ್ನದೆಂದು ಯಾರೂ ಬರೆದು ಅಂಟಿಸಿಲ್ಲ, ಆದರೂ ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಅಲ್ಲಿ ಕೂತು ಪ್ರತಿ ಪ್ರಸಂಗವನ್ನೂ ಎರಡೆರಡು ಸಲ ಕೇಳುತ್ತೇನೆ. ಎರಡೂ ಭಾಷೆ ಕಿವಿಗೆ ಬೀಳುತ್ತವೆ, ಒಂದೂ ಎದೆಗೆ ಇಳಿಯುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ತಿಂಡಿಯ ತಟ್ಟೆ ತೊಳೆಯುತ್ತಿದ್ದಾಗ. ಪ್ರಾರ್ಥನೆ ಮಾಡಿ ತಿಂದೆವಾ, ಹಾಗೇ ತಿಂದೆವಾ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ರೀ, ನಾವು ಪ್ರಾರ್ಥನೆ ಮಾಡಿದ್ವಾ?"

"ಮಾಡಿರ್ತೀವಿ ಬಿಡೇ," ಎಂದರು, ಶೂ ಲೇಸ್ ಕಟ್ಟುತ್ತಾ.

ಮಾಡಿರ್ತೀವಂತೆ! ಗ್ಯಾಸ್ ಆಫ್ ಮಾಡಿದ್ದೀವಾ ಎಂದು ಕೇಳಿದರೂ ಇದೇ ಉತ್ತರ, ಆದರೆ ಆಗ ಒಬ್ಬರಾದರೂ ಹೋಗಿ ನೋಡಿಕೊಂಡು ಬರುತ್ತೇವೆ. ಸಾಯುವ ತನಕ ಹೀಗೇ, ದೇವರ ಹತ್ತಿರ ನನ್ನದೆನ್ನುವ ಒಂದು ಮಾತನ್ನೂ ಆಡದೆ, ದೊಡ್ಡ ವಿಶ್ವಾಸಿ ಎನಿಸಿಕೊಂಡೇ ಹೋಗಿಬಿಡುತ್ತೇನೆ ಅನ್ನಿಸಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ನಮ್ಮವರಿಗೆ ಹೇಳಿದೆ. "ಒಳಗೆಲ್ಲ ಒಣಗಿ ಹೋಗಿದೆ ಅನ್ಸುತ್ತೆ ರೀ. ಹೊರಗಡೆ ಮಾತ್ರ ಎಲ್ಲ ಸರಿಯಾಗಿದೆ."

"ನಿಂಗೆ ಸುಸ್ತು ಕಣೇ," ಎಂದು ಬೆನ್ನು ಸವರಿದರು. "ನಮಗೇನು ಕಮ್ಮಿ ಆಗಿದೆ ಹೇಳು? ಒಂದು ವಾರ ತಪ್ಪಿಸಿಲ್ಲ. ದೇವರು ಚೆನ್ನಾಗಿ ನಡೆಸ್ತಿದಾನೆ. ಇಲ್ದಿರೋ ನೋವನ್ನ ಯಾಕೆ ಹುಡುಕ್ತೀಯ?"

ರೇಗಿದ್ದರೆ ನಾನೂ ರೇಗಬಹುದಿತ್ತು. ಬೆನ್ನು ಸವರುವವರ ಹತ್ತಿರ ಏನೆಂದು ಜಗಳ ತೆಗೆಯುವುದು? ನಮ್ಮ ಪಾಸ್ಟರ ಹೆಂಡತಿ, ಪಾಸ್ಟರಮ್ಮನ ಹತ್ತಿರ ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನೀವೇ ಹೀಗಂದ್ರೆ ಹೇಗೆ ಅಕ್ಕಾ? ನಾವೆಲ್ಲ ನಿಮ್ಮ ಮನೆ ನೋಡಿ ಕಲಿಯೋರು," ಎಂದು ಹೇಳಿ, ವಾರ್ಷಿಕ ಕೂಟದ ಚಹಾದ ಉಸ್ತುವಾರಿಯನ್ನು ನನಗೆ ಒಪ್ಪಿಸಿ ಕಳಿಸಿದರು. ಬಾವಿಗೆ ಬಿದ್ದು ಕೂಗಿದವಳಿಗೆ ಮೇಲಿನಿಂದ ಯಾರೋ ನಮಸ್ಕಾರ ಮಾಡಿ ಹೋದಂತಾಯಿತು.

ಕೊನೆಗೆ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೊಣಕಾಲೂರಿದೆ. ಬಾಯಿ ತೆರೆದದ್ದೇ ತಡ, "ನಿನ್ನೆಯೂ ಒಳ್ಳೆಯವನು, ಇವತ್ತೂ ಒಳ್ಳೆಯವನು" ಎಂದು ನೀರು ಹರಿದಷ್ಟು ಸಲೀಸಾಗಿ ಬಂತು. ನನ್ನ ಬಾಯಲ್ಲೂ ನಮ್ಮವರೇ! ಇನ್ನೊಂದು ಸಲ ಶುರು ಮಾಡಿದೆ. ಈ ಸಲ ಬಾಯಿಗೆ ಪಾಸ್ಟರ ಮಾತು ಬಂತು. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಎದ್ದು ಮತ್ತೆ ಯಂತ್ರ ಹಾಕಿದೆ.

ವಾರ್ಷಿಕ ಕೂಟಕ್ಕೆ ಬಂದ ಅತಿಥಿ ಪ್ರಸಂಗಿ ವಯಸ್ಸಾದವರು. ಸಣ್ಣ ಆಳು, ಕೋಟು ಮಾತ್ರ ದೊಡ್ಡದು. ಅವತ್ತು ಜನ ಎಷ್ಟು ಸೇರಿದ್ದರೆಂದರೆ, ನಡುವಿನ ದಾರಿಗೂ ಕುರ್ಚಿ ಹಾಕಿ ಬಾಗಿಲವರೆಗೂ ತುಂಬಿಸಿದ್ದರು. ಚಹಾ ಏನಾಯಿತೆಂದು ನೋಡಿ ಬರೋಣವೆಂದರೆ ಮಂಡಿ ಅಲ್ಲಾಡಿಸಲೂ ಜಾಗವಿರಲಿಲ್ಲ.

ಸ್ವಲ್ಪ ಹೊತ್ತು ಎಲ್ಲ ಮಾಮೂಲಿಯಂತೆ ನಡೆಯಿತು. ಆಮೇಲೆ ಆ ಹಿರಿಯರು ಬೈಬಲ್ ಮುಚ್ಚಿದರು. ಕನ್ನಡಕ ತೆಗೆದು ಅದರ ಮೇಲಿಟ್ಟರು.

"ನಾನು ನಿಮಗೆ ಬೋಧಿಸಲು ಬಂದಿದ್ದೇನೆ. ಆದರೆ ಒಂದು ವರ್ಷದಿಂದ ಒಬ್ಬನೇ ಕೂತು ಒಮ್ಮೆಯೂ ಪ್ರಾರ್ಥನೆ ಮಾಡಿಲ್ಲ," ಎಂದರು ತಮ್ಮ ಭಾಷೆಯಲ್ಲಿ.

ನಮ್ಮವರು ಹಿರಿಯರ ಮುಖ ನೋಡಿದರು. ಆಮೇಲೆ ಮೈಕ್ ಹತ್ತಿರ ತಂದುಕೊಂಡು, "ಪ್ರಿಯರೇ, ಇವತ್ತಿನ ದಿನಗಳಲ್ಲಿ ಎಷ್ಟೋ ಜನ ಪ್ರಾರ್ಥನೆಯನ್ನೇ ಮರೆತುಬಿಟ್ಟಿದ್ದಾರೆ!" ಎಂದರು.

ಹೌದು ಹೌದೆಂದು ಜನ ತಲೆ ಆಡಿಸಿದರು. ಪಾಪ, ಮುದುಕರ ಮಾನ ಉಳಿಸುತ್ತಿದ್ದಾರೆ ಎಂದುಕೊಂಡು ನಾನೂ ಸುಮ್ಮನಿದ್ದೆ.

"ನನಗೆ ಮಾತು ಚೆನ್ನಾಗಿ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಈಗ ಭಯವಾಗುತ್ತಿದೆ," ಎಂದರು ಹಿರಿಯರು.

"ಆದರೆ ನಾವು ಭಯಪಡಬೇಕಾಗಿಲ್ಲ! ಕರ್ತನು ನಮ್ಮ ಸಂಗಡ ಇದ್ದಾನೆ!" ಎಂದರು ನಮ್ಮವರು.

"ಸ್ತೋತ್ರ!" ಎಂದಿತು ಇಡೀ ಹಾಲ್. ಹಿರಿಯರು ಬೆಚ್ಚಿದರು. ಭಯವಾಗುತ್ತಿದೆ ಎಂದರೆ ಈ ಜನ ಯಾಕೆ ಇಷ್ಟು ಸಂತೋಷಪಡುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ. ಅವರ ಕಣ್ಣು ತುಂಬಿ ಬಂದಿತ್ತು. ಅದನ್ನು ಕಂಡು, ಪವಿತ್ರಾತ್ಮನ ಆನಂದವೆಂದು ಮುಂದಿನ ಸಾಲಿನವರೂ ಕಣ್ಣೊರೆಸಿಕೊಂಡರು.

"ದಯವಿಟ್ಟು ನನಗೋಸ್ಕರ ಪ್ರಾರ್ಥಿಸಿ," ಎಂದು ಅವರು ಕೈ ಚಾಚಿದರು.

"ಎಲ್ಲರೂ ಜೋರಾಗಿ ಕೈ ತಟ್ಟಿ ದೇವರಿಗೆ ಮಹಿಮೆ ಸಲ್ಲಿಸೋಣ!"

ಚಪ್ಪಾಳೆಗೆ ಕಿವಿ ಗುಂಯ್‌ಗುಟ್ಟಿತು. ಆ ಮನುಷ್ಯ ಕೈ ಚಾಚಿಕೊಂಡೇ ನಿಂತಿದ್ದರು. ನಮ್ಮವರು ನನ್ನ ಕಡೆ ನೋಡಿದರು, ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿದರು. ಎದ್ದು ಹೊರಗೆ ಹೋಗೋಣವೆಂದರೆ ಎತ್ತ ನೋಡಿದರೂ ಮೊಣಕಾಲುಗಳು. ಹೆಂಗಸರು ಪ್ರಸಂಗದ ನಡುವೆ ಬಾಯಿ ಹಾಕುವ ರೂಢಿ ನಮ್ಮಲ್ಲಿಲ್ಲ. ಗಂಡನ ಮರ್ಯಾದೆಯನ್ನು ಊರೆದುರು ಕಳೆದವಳು ಎನಿಸಿಕೊಳ್ಳುತ್ತೇನೆ. ಆದರೆ ನನ್ನದೇ ಸಂಕಟವನ್ನು ಕೊನೆಗೂ ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಈಗ ಸುಮ್ಮನಿದ್ದರೆ ನನಗೆ ಇನ್ನು ಬಿಡುಗಡೆಯಿಲ್ಲ. ಈ ಫ್ಯಾನಿನ ಕೆಳಗೇ ಮುದುಕಿಯಾಗುತ್ತೇನೆ.

ಎದ್ದು ನಿಂತೆ. "ಅವರು ಹೇಳಿದ್ದು ಅದಲ್ಲ," ಎಂದೆ.

ಚಪ್ಪಾಳೆ ಅಲ್ಲಲ್ಲಿ ಉಳಿದು ನಿಂತಿತು. ಪಾಸ್ಟರ್ ತಿರುಗಿ ನೋಡಿದರು.

"'ಒಂದು ವರ್ಷದಿಂದ ನಾನು ಪ್ರಾರ್ಥನೆ ಮಾಡಿಲ್ಲ' ಅಂದ್ರು. 'ಭಯ ಆಗ್ತಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ' ಅಂದ್ರು. ನಾವು ಚಪ್ಪಾಳೆ ಹೊಡೆದ್ವಿ."

ಅಷ್ಟಕ್ಕೆ ಕೂರಬಹುದಿತ್ತು. ಕಾಲು ಕೂರಗೊಡಲಿಲ್ಲ.

"ನಾನೂ ಮಾಡಿಲ್ಲ," ಎಂದೆ. "ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ. ಎಲ್ಲರ ಮಾತೂ ಬಾಯಿಪಾಠ ಇದೆ, ಅದನ್ನೇ ಹೇಳ್ತೀನಿ."

ಹಿರಿಯರು ನಮ್ಮವರ ಕಡೆ ತಿರುಗಿ, "ಆಕೆ ಏನೆಂದರು?" ಎಂದು ಕೇಳಿದರು. ನನ್ನನ್ನು ಬಿಟ್ಟರೆ ಇದನ್ನು ತಿರುಗಿಸಲು ಅಲ್ಲಿ ಬೇರೆ ಯಾರಿದ್ದರು? ನಮ್ಮವರು ನೆಲ ನೋಡಿಕೊಂಡು ಹೇಳಿದರು, "ನೀವು ಅಂದದ್ದನ್ನು ಇವರಿಗೆ ಹೇಳಿದಳು. ನಾನು ಹೇಳಿರಲಿಲ್ಲ. ತಾನೂ ಪ್ರಾರ್ಥಿಸಿಲ್ಲವಂತೆ. ನನ್ನ ಹೆಂಡತಿ."

ಹಿರಿಯರಿಗೆ ಕೋಪ ಬರುತ್ತದೆಂದುಕೊಂಡೆ. ಅವರು ಮೆಲ್ಲಗೆ, "ನೀವು?" ಎಂದರು.

ನಮ್ಮವರು ಅವರ ಭಾಷೆಯಲ್ಲೇ ಉತ್ತರ ಕೊಟ್ಟರು. "ನೆನಪಿಲ್ಲ. ನಿಮ್ಮಂಥವರ ಮಾತು ಆಡಿ ಆಡಿ, ನನ್ನದು ಯಾವುದೆಂದೇ ಗೊತ್ತಾಗುವುದಿಲ್ಲ."

ಮೈಕ್ ಆ ಮಾತನ್ನು ಹಾಲ್‌ನ ಮೂಲೆಮೂಲೆಗೂ ಕೇಳಿಸಿತು. ಅರ್ಥವಾದದ್ದು ನನ್ನೊಬ್ಬಳಿಗೆ. ಅಷ್ಟೂ ಮುಖ ನನ್ನ ಕಡೆ ತಿರುಗಿತು.

"ಏನಂದ್ರು ಅಕ್ಕಾ?" ಎಂದರು ಪಾಸ್ಟರಮ್ಮ, ಹಿಂದಿನ ಸಾಲಿನಿಂದ.

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಗದರಿಕೆ ಇರಲಿಲ್ಲ, ಬೇಡಿಕೊಳ್ಳುತ್ತಿದ್ದರು. ಏನಾದರೊಂದು ಚೆಂದದ ಮಾತು ಹೇಳಿ ಅವರನ್ನು ಉಳಿಸುವುದು ನನಗೇನೂ ಕಷ್ಟವಿರಲಿಲ್ಲ, ಇಷ್ಟು ವರ್ಷ ಅದನ್ನೇ ಕೇಳಿಸಿಕೊಂಡು ಕೂತವಳು ನಾನು. ಅವರ ಮೇಲೆ ಅಷ್ಟು ಕನಿಕರ ನನಗೆ ಎಂದೂ ಬಂದಿರಲಿಲ್ಲ. ಅಷ್ಟು ಪ್ರೀತಿಯೂ.

"ಅದನ್ನ ನೀವೇ ಹೇಳ್ಬೇಕು ರೀ," ಎಂದೆ.

ಅವರು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು.

"ನಾನೂ ಮಾಡಿಲ್ಲ," ಎಂದರು.

ಯಾರೂ ಸ್ತೋತ್ರ ಎನ್ನಲಿಲ್ಲ. ಹಿರಿಯರು ನಿಂತಲ್ಲೇ ಮೊಣಕಾಲೂರಿದರು. ನಮ್ಮವರು ಮೈಕ್ ಕೆಳಗಿಟ್ಟು ಪಕ್ಕದಲ್ಲಿ ತಾವೂ ಮೊಣಕಾಲೂರಿದರು. ಪಾಸ್ಟರ್ ಹಾಡು ಶುರು ಮಾಡಿಸಲು ಕೈ ಎತ್ತಿ, ಏನೋ ಯೋಚಿಸಿ ಇಳಿಸಿದರು. ನನಗೆ ಮೊಣಕಾಲೂರಲು ಜಾಗವೇ ಇರಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಕಣ್ಣು ಮುಚ್ಚಿದೆ.

"ದೇವರೇ," ಎಂದೆ, ಎಲ್ಲರಿಗೂ ಕೇಳುವಂತೆ.

ಗೊತ್ತಿದ್ದ ಮಾತುಗಳೆಲ್ಲ ಗಂಟಲಿಗೆ ಬಂದವು, ಒಂದೊಂದನ್ನೂ ನುಂಗಿಕೊಂಡೆ. ಪಕ್ಕದವರು ಚಡಪಡಿಸುತ್ತಿದ್ದರು. ನಾನು ಆಮೆನ್ ಎಂದರೆ ಸಾಕು, ಎಲ್ಲರೂ ಎದ್ದು ಚಹಾ ಕುಡಿದು ಮನೆಗೆ ಹೋಗಬಹುದಿತ್ತು. ನನ್ನದೆನ್ನುವ ಬೇರೆ ಮಾತು ಸಿಗಲಿಲ್ಲ.

"ದೇವರೇ," ಎಂದು ಇನ್ನೊಮ್ಮೆ ಕರೆದೆ.