ಗೋರಖನಾಥ ಕಾಕಾನ ಟೆಸ್ಟರ್

ಗೋರಖನಾಥ ಕಾಕಾ ಯಾವ ಮನೆಗೆ ಹೋದರೂ ಅವರ ಮಾತಿಗಿಂತ ಮೊದಲು ಕರೆಂಟ್ ನೋಡುವ ಅವರ ಟೆಸ್ಟರ್ ಹೊರಬರುತ್ತಿತ್ತು. ಕಡುಬೇಸಿಗೆಯಲ್ಲೂ ಕಳಚದ ಖಾಕಿ ಕೋಟಿನ ಜೇಬಿನಿಂದ ಅದನ್ನು ತೆಗೆದು, ಟೀವಿಯಾಗಲಿ, ಮಿಕ್ಸರಾಗಲಿ, ಕೊನೆಗೆ ಮರದ ಕಪಾಟೇ ಆಗಲಿ, ಮುಟ್ಟಿಸಿ ನೋಡಿ, ದೀಪ ಹೊತ್ತಿದರೂ ಹೊತ್ತದಿದ್ದರೂ ಒಂದೇ ಗಾಂಭೀರ್ಯದಿಂದ "ಹೂಂ, ಗೊತ್ತಾತು" ಎನ್ನುತ್ತಿದ್ದರು. ಏನು ಗೊತ್ತಾಯಿತೆಂದು ಕೇಳುವ ಧೈರ್ಯ ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಯಾರಿಗೂ ಇರಲಿಲ್ಲ.

ಬಾವಿಗಳ ತಳ ಕಂಡ ಆ ವರ್ಷ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಗಂಟುಮೂಟೆ ಕಟ್ಟಿ ಪುಣೆ, ಹೈದರಾಬಾದಿನ ಹಾದಿ ಹಿಡಿದಿದ್ದರು. ಅದೇ ಓಣಿಯ ಪ್ರಮಿಲಾಳ ಗಂಡ ವಸಂತನೂ ಪುಣೆ ಸೇರಿದ್ದ. ಅವಳು ಮಾತ್ರ ಹಟ ಹಿಡಿದು, ಬೀದರಿನಿಂದ ಕಂಪ್ಯೂಟರ್ ತರಿಸಿ, ಮುಂದಿನ ಕೋಣೆಯಲ್ಲಿ ಕನ್ನಡ ಟೈಪಿಂಗ್ ಅಂಗಡಿ ತೆರೆಯಲು ಹೊರಟಿದ್ದಳು. ಭಾನುವಾರದೊಳಗೆ ಅದು ನಡೆಯದಿದ್ದರೆ ಮನೆಗೆ ಬೀಗ ಹಾಕಿ ಅವಳೂ ರೈಲು ಹತ್ತಬೇಕೆಂದು ಗಂಡಹೆಂಡಿರ ನಡುವೆ ಮಾತಾಗಿತ್ತು. "ಫೋನ್ ಮಾಡ್ರಿ, ಜೋಡಿಸೂದು ಹ್ಯಾಂಗಂತ ಹೇಳ್ತೇನಿ" ಎಂದಿದ್ದ ಬೀದರಿನ ಅಂಗಡಿಯವನು ಫೋನೇ ಎತ್ತಲಿಲ್ಲ. ಕರೆಯದೆ ಬಂದವರು ಕಾಕಾ.

"ಬಸ್ಸಿನಾಗ ಕುಲುಕಾಡಿ ಬಂದದ, ದಣಿದದ. ಮೊದಲ ಮಲಗಲಿ" ಎಂದು ಹೊಸ ಯಂತ್ರಕ್ಕೆ ಎರಡು ದಿನ ಕೌದಿ ಹೊದಿಸಿಟ್ಟರು. ಎಬ್ಬಿಸಿದ ಮೇಲೆ ಅದಕ್ಕೆ ಝಳ ತಾಗಬಾರದೆಂದು, ಕುಡಿಯುವ ನೀರಿಗೇ ತತ್ವಾರವಾಗಿದ್ದ ಕಾಲದಲ್ಲಿ, ಕಿಟಕಿಗೆ ಗೋಣಿಚೀಲ ಕಟ್ಟಿ ಗಳಿಗೆಗೊಮ್ಮೆ ನೀರು ಚಿಮುಕಿಸಿದರು. ಕನ್ನಡದ ಸಾಫ್ಟ್‌ವೇರ್ ಹಾಕುವಾಗಲಂತೂ ಅವರ ಪಾಂಡಿತ್ಯ ಪರಾಕಾಷ್ಠೆ ಮುಟ್ಟಿತು. ಪರದೆಯ ಮೇಲೆ ಮಾರುದ್ದದ ಷರತ್ತುಗಳು ಮೂಡಿ, ಒಪ್ಪಿಗೆಯೇ ಎಂದು ಯಂತ್ರ ಕೇಳಿದ್ದೇ ತಡ, ಕಾಕಾ ಅವಳ ಕೈ ತಡೆದರು.

"ಓದದ ಕಾಗದಕ್ಕ ಹೂಂ ಅಂದು ಹೊಲ ಕಳಕೊಂಡವರನ್ನ ನಾ ನೋಡೀನಿ, ಬೇಟಿ. ಇಲ್ಲ ಅನ್ನು."

ಇಲ್ಲವೆಂದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಶನಿವಾರವಿಡೀ ಯಂತ್ರ ಕೇಳಿತು, ಕಾಕಾ ನಿರಾಕರಿಸಿದರು. ಭಾನುವಾರವೂ ಅದೇ. ಇಳಿಹೊತ್ತಿಗೆ ಪ್ರಮಿಲಾ ಒಳಗೆ ಹೋಗಿ ಟ್ರಂಕಿನಲ್ಲಿ ಸೀರೆಗಳನ್ನು ಮಡಚಿಡತೊಡಗಿದಳು. ಕಾಕಾ ಚೀಲ ನೆನೆಸಲು ತಂಬಿಗೆ ಹಿಡಿದು ಹೊರಗೆ ಹೋದದ್ದು ಕಾಣಿಸಿತು. ಊರನ್ನೇ ಬಿಟ್ಟು ಹೋಗುವವಳಿಗೆ ಇನ್ನು ಕಳೆದುಕೊಳ್ಳಲು ಏನಿದೆ ಎಂದುಕೊಂಡು ಬಂದು ಒಪ್ಪಿಗೆ ಒತ್ತಿಬಿಟ್ಟಳು.

ಯಂತ್ರ ಗುರುಗುಟ್ಟಿತು, ಇಷ್ಟು ಹೊತ್ತಿಗೆ ನಿಲ್ಲುತ್ತಿದ್ದುದು ನಿಲ್ಲಲಿಲ್ಲ. ಅವಳು "ಭಾಲ್ಕಿ" ಎಂದು ಒತ್ತಿದಳು. ಅಚ್ಚಗನ್ನಡದಲ್ಲಿ ಊರು ಮೂಡಿ ನಿಂತಿತು.

ಕಾಕಾ ಬಂದು ಪರದೆಗೆ ಟೆಸ್ಟರ್ ಮುಟ್ಟಿಸಿದರು. "ಹೂಂ, ಗೊತ್ತಾತು. ಎರಡು ದಿನ ಮಲಗಿಸಿದ್ದು ಹ್ಯಾಂಗ ಉಪಯೋಗಕ್ಕ ಬಂತು, ನೋಡು!"

"ಖರೇನ್ರಿ ಕಾಕಾ" ಎಂದು ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. "ಕೂಡ್ರಿ, ಚಹಾ ಮಾಡ್ತೇನಿ." ಒಪ್ಪಿಗೆ ಕೊಟ್ಟ ಸಂಗತಿಯನ್ನು ಮಾತ್ರ ಅವರಿಗೆ ಎಂದೂ ಹೇಳಲಿಲ್ಲ.

ಇಂಥವರ ಸಲಹೆಯಿಂದ ಉದ್ಧಾರವಾದವರು ಲೋಕದಲ್ಲಿ ಯಾರೂ ಇರಲಾರರು. ಆದರೂ ಮುಂದೆ ಪ್ರಿಂಟರ್ ಬಂದ ದಿನ ಪ್ರಮಿಲಾ ತಾನೇ ಕೌದಿ ತೆಗೆದಿಟ್ಟು ಕಾಕಾಗೆ ಹೇಳಿಕಳಿಸಿದಳು. ಬಲ್ಲವರು ಫೋನಿನ ಆಚೆಗಿರುತ್ತಾರೆ. ಏನೂ ಅರಿಯದ ಈ ಮಂದಿ ಮಾತ್ರ, ಬೀಗ ಬಿದ್ದ ಓಣಿಯಲ್ಲೂ, ಕೆಲಸ ಆಗುವ ತನಕ ನಮ್ಮ ಪಕ್ಕ ಬಿಟ್ಟು ಏಳುವುದಿಲ್ಲ.